ಬೆಂಟಿಂಕನ ಲಾಂಛನ, ಬೂದಿ ಬಸವಪ್ಪನ ಉಂಗುರ

ನಗರ ಸೀಮೆಯನ್ನಾಳಿದ ಕೆಳದಿ ಮನೆತನದ ಕೊನೆಯ ಅರಸರ ಗುರುವಾಗಿದ್ದ ಜಂಗಮರೊಬ್ಬರ ಬಳಿ ಆ ಮನೆತನದ ಮುದ್ರೆಯುಂಗುರಗಳು ಉಳಿದಿದ್ದವು. ಅವರ ಸೇವೆಗೆ ಸೇರಿದ ಕುಂಸಿ ಸೀಮೆಯ ಸಾದರ ಮಲ್ಲನಿಗೆ ಅವು ದಕ್ಕಿದವು, ಅವನ್ನು ತೋರಿಸಿಯೇ ಆತ 'ಬೂದಿ ಬಸವಪ್ಪ, ನಗರದ ಖಾವಂದ' ಎಂದು ಹೇಳಿಕೊಂಡ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆಯುತ್ತದೆ. 1830ರಲ್ಲಿ ಬಸವಾಪಟ್ಟಣ, ಹೊಳೆಹೊನ್ನೂರು, ಹೊನ್ನಾಳಿಯ ಸುತ್ತಿನ ರೈತರು ಕಂದಾಯದ ವಿರುದ್ಧ ಕೂಟ ಕಟ್ಟಿದಾಗ ಈ ಉಂಗುರದವನೇ ಅವರ ಅರಸನಾಗಿ ಮುಂದೆ ಬಂದ. ಚರಿತ್ರೆ ಅವನನ್ನು ವೇಷಧಾರಿ ಎಂದು ಕರೆದು ಮುಗಿಸಿತು.

ಅದೇ ದಂಗೆಯ ನೆಪದಲ್ಲಿ ಇಡೀ ಮೈಸೂರನ್ನು ತೆಗೆದುಕೊಂಡ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನನ್ನು ಚರಿತ್ರೆ ಸುಧಾರಕ ಎಂದಿತು. 1829ರಲ್ಲಿ ಸತಿಪದ್ಧತಿಯನ್ನು ನಿಷೇಧಿಸಿದವನು ಅವನು. ಆ ಕೀರ್ತಿ ಅವನಿಗೆ ಸಲ್ಲಲೇಬೇಕು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬಂದುಬಿಡುತ್ತದೆ: ದುಂದುಗಾರ ಅರಸನ ಕೈಯಿಂದ ನಮ್ಮ ಸೀಮೆಯ ರೈತರನ್ನು ಬಿಡಿಸಿದವನು ಬೆಂಟಿಂಕ್ ಎಂಬುದು. ಈ ಎರಡನೆಯ ಮಾತನ್ನು ನಾನು ಒಪ್ಪಲಾರೆ.

ಆತ ಎಂಥ ಮನೆಯಿಂದ ಬಂದವನು ಎಂಬುದನ್ನು ನೋಡಬೇಕು. ಹುಟ್ಟಿದ್ದು 1774ರಲ್ಲಿ, ಪೋರ್ಟ್‌ಲೆಂಡಿನ ಮೂರನೆಯ ಡ್ಯೂಕನ ಎರಡನೆಯ ಮಗನಾಗಿ. ತಂದೆ ಎರಡು ಸಲ ಬ್ರಿಟನ್ನಿನ ಪ್ರಧಾನಿ. ಮನೆತನದ ಲಾಂಛನದಲ್ಲಿ ನೀಲಿ ನೆಲದ ಮೇಲೊಂದು ಬೆಳ್ಳಿಯ ಶಿಲುಬೆ; ಅದರ ನಾಲ್ಕು ತುದಿಗಳೂ ಸೀಳಿ ಎರಡು ಕಡೆಗೆ ಬಾಗಿವೆ. ಬೀಸುಕಲ್ಲಿನ ನಡುವೆ ಕೂರಿಸುವ ಕಬ್ಬಿಣದ ತುಂಡಿನಿಂದ ಆ ಆಕಾರಕ್ಕೆ ಹೆಸರು ಬಂದಿದೆ. ಅದರ ಕೆಳಗೆ ಫ್ರೆಂಚಿನಲ್ಲಿ ಮನೆಯ ಧ್ಯೇಯವಾಕ್ಯ: ಅವಮಾನಕ್ಕೆ ಅಂಜು. ಹಾಲೆಂಡಿನಿಂದ ದೊರೆ ಮೂರನೆಯ ವಿಲಿಯಮನ ಜೊತೆ ಬಂದ ಪೂರ್ವಿಕನೊಬ್ಬ 1689ರಲ್ಲಿ ಅರ್ಲ್ ಪದವಿ ಪಡೆದ ಮೇಲೆ ಈ ಮನೆ ಇಂಗ್ಲೆಂಡಿನಲ್ಲಿ ಬೇರೂರಿತು. ಇಂಗ್ಲಿಷ್ ಪದ್ಧತಿಯಲ್ಲಿ ಎರಡನೆಯ ಮಗ ತನ್ನ ಗುರಾಣಿಯ ಮೇಲೆ ಸಣ್ಣದೊಂದು ಚಂದ್ರಕಲೆಯ ಗುರುತು ಹಾಕಿಕೊಳ್ಳುವ ರೂಢಿಯಿದೆ. ಡ್ಯೂಕ್ ಪದವಿಯೂ ಅದರ ಆಸ್ತಿಯೂ ಹಿರಿಯನಿಗೆ. ಕಿರಿಯನು ಹೆಸರನ್ನೂ ಹಣವನ್ನೂ ಹೊರಗೆ ಗಳಿಸಬೇಕು.

ಬೆಂಟಿಂಕ್ ಹೊರಟದ್ದು ಹಾಗೆಯೇ. 1803ರಲ್ಲಿ ಮದರಾಸಿನ ಗವರ್ನರ್ ಆದ. 1806ರ ವೆಲ್ಲೂರಿನ ಸಿಪಾಯಿ ದಂಗೆಯ ಹೊಣೆ ತಲೆಗೆ ಬಂದು ಮರುವರ್ಷ ಅವನನ್ನು ವಾಪಸು ಕರೆಸಿಕೊಂಡರು. ಅವಮಾನಕ್ಕೆ ಅಂಜು ಎಂದು ಬರೆದುಕೊಂಡ ಮನೆಯವನಿಗೆ ಆ ಗಾಯ ಮಾಯಲಿಲ್ಲ. 1811ರಿಂದ ಸಿಸಿಲಿಯಲ್ಲಿ ಬ್ರಿಟಿಷ್ ರಾಯಭಾರಿಯೂ ಸೇನಾಪತಿಯೂ ಆದ. ಮೈಸೂರಿನ ಓದುಗರು ಈ ಸಿಸಿಲಿಯ ಅಧ್ಯಾಯವನ್ನು ಗಮನವಿಟ್ಟು ಓದಬೇಕು. ಅಲ್ಲಿನ ದೊರೆ ಫರ್ಡಿನೆಂಡನಿಗೆ ಬ್ರಿಟನ್ ಕೊಡುತ್ತಿದ್ದ ಸಹಾಯಧನವನ್ನು ಬೆಂಟಿಂಕ್ ತಡೆಹಿಡಿದ, ಅಧಿಕಾರವನ್ನು ಮಗನಿಗೆ ಬಿಟ್ಟುಕೊಡುವಂತೆ ದೊರೆಯನ್ನು ಒತ್ತಾಯಿಸಿದ, ರಾಣಿ ಮರಿಯಾ ಕರೊಲಿನಾಳನ್ನು ದೇಶದಿಂದಲೇ ಹೊರಗೆ ಕಳಿಸಿದ. ಆಡಳಿತ ಕೆಟ್ಟಿದೆ, ಆಸ್ಥಾನ ದುಂದು ಮಾಡುತ್ತಿದೆ ಎಂಬ ದೂರು ಅಲ್ಲೂ ಇತ್ತು. ಮಿತ್ರರಾಜ್ಯದ ಅರಸನನ್ನು ಹಣದ ಹಗ್ಗ ಹಾಕಿ ಕೆಳಗಿಳಿಸುವ ವಿದ್ಯೆ ಮೈಸೂರಿಗೆ ಬರುವ ಮೊದಲೇ ಅವನಿಗೆ ಕರಗತವಾಗಿತ್ತು.

ಇನ್ನು ರೈತರ ಮಾತು. 1799ರ ಒಪ್ಪಂದದ ಪ್ರಕಾರ ಮೈಸೂರು ಪ್ರತಿವರ್ಷ ಈಸ್ಟ್ ಇಂಡಿಯಾ ಕಂಪನಿಗೆ 7 ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಕೊಡಬೇಕಿತ್ತು. ಅದರ ಮೇಲೆ 1807ರ ಒಪ್ಪಂದ 4,000 ಕುದುರೆ ಸವಾರರನ್ನು ಸಾಕುವ ಹೊಣೆ ಹೊರಿಸಿತು. ಮಳೆ ಹೋಗಲಿ, ಧಾರಣೆ ಬೀಳಲಿ, ಈ ಮೊತ್ತ ಇಳಿಯುತ್ತಿರಲಿಲ್ಲ. ಅರಮನೆ ಅಮಲ್ದಾರರ ಮೇಲೆ ಶರ್ತಿ ಹೇರಿತು: ಇಷ್ಟು ಹಣ ತಂದುಕೊಡುತ್ತೇನೆ ಎಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು, ಕಡಿಮೆ ಬಿದ್ದರೆ ಅವನೇ ತುಂಬಬೇಕು. ಅವನು ತುಂಬುವುದು ಎಲ್ಲಿಂದ? ರೈತನ ಕಣಜದಿಂದ. 1828ರ ಹೊತ್ತಿಗೆ ನಗರಕ್ಕೆ ಬಂದ ಹೊಸ ಫೌಜುದಾರ ವೀರರಾಜ ಅರಸ್ ಹಿಂದಿನವರು ಕೊಟ್ಟಿದ್ದ ಮಾಫಿಗಳನ್ನು ಕೆದಕಿ ಹಳೆ ಬಾಕಿ ಎತ್ತಲು ಹೊರಟ. ಕೂಟ ಸೇರಿದ್ದು ಆಮೇಲೆ. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನ ಸಾಲ ಮಾಡಿತ್ತು, ಕೊಡುಗೈ ಹಿಡಿತ ತಪ್ಪಿತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಬೀಸುಕಲ್ಲಿನ ಮೇಲಿನ ಹೋಳನ್ನು ಮಾತ್ರ ತೋರಿಸಿ ಕೆಳಗಿನದನ್ನು ಮರೆಸುವ ಚರಿತ್ರೆ ಚರಿತ್ರೆಯಲ್ಲ.

ದಂಗೆಯನ್ನು ಅಡಗಿಸಿದ್ದು ಯಾರೆಂದು ಕೇಳಿದರೆ ಇದು ಇನ್ನೂ ಸ್ಪಷ್ಟ. ಅರಮನೆಯ ಪಡೆಯಿಂದ ಆಗದೆ ಹೋದಾಗ ಕಂಪನಿಯ ಸೈನ್ಯ ಬಂತು. 1831ರ ಜೂನಿನಲ್ಲಿ ನಗರ ಅದರ ವಶವಾಯಿತು. ಆ ಸೈನ್ಯದ ಸಂಬಳಕ್ಕೆಂದೇ ಮೈಸೂರು ವರ್ಷವರ್ಷ ಹಣ ಕಟ್ಟುತ್ತಿತ್ತು. ಕಂದಾಯ ಕೊಟ್ಟು ಸುಸ್ತಾದ ರೈತನ ಮೇಲೆ ಅವನ ಕಂದಾಯವೇ ಬಂದೂಕು ಹಿಡಿದು ಬಂತು. ಬೂದಿ ಬಸವಪ್ಪನ ಜೊತೆಗೂಡಿದ ತರೀಕೆರೆಯ ಸರ್ಜಾ ಹನುಮಪ್ಪ ನಾಯಕನದು ಮೂಲತಃ ಇಂದಿನ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ, ಸಂತೇಬೆನ್ನೂರುಗಳ ಪಾಳೆಯಗಾರ ಮನೆತನ. ಚನ್ನಗಿರಿಯ ಹೆಸರಿನಲ್ಲೇ ಕೆಳದಿಯ ರಾಣಿ ಚನ್ನಮ್ಮಾಜಿ ಇದ್ದಾಳೆ. ಇಂಥ ನೆಲದಲ್ಲಿ ಹಳೆಯ ಮುದ್ರೆಯುಂಗುರವೊಂದು ಕಾಣಿಸಿಕೊಂಡರೆ ಜನ ಅದರ ಹಿಂದೆ ಹೋದದ್ದು ಮೌಢ್ಯದಿಂದಲ್ಲ. ಶರ್ತಿ ಗೊತ್ತಿಲ್ಲದ ಕಾಲದ ನೆನಪು ಅವರಿಗೆ ಆ ಉಂಗುರದಲ್ಲಿ ಕಂಡಿತು.

7 ಸೆಪ್ಟೆಂಬರ್ 1831ರ ಪತ್ರದಲ್ಲಿ ಬೆಂಟಿಂಕ್ ತನ್ನ ನಿರ್ಧಾರ ತಿಳಿಸಿದ. ಅಕ್ಟೋಬರಿನಲ್ಲಿ ಒಡೆಯರು ಪ್ರತಿಭಟಿಸದೆ ಅಧಿಕಾರ ಬಿಟ್ಟುಕೊಟ್ಟರು. ದಂಗೆಯ ಕಾರಣಗಳನ್ನು ಹುಡುಕಲು ಹಾಕರ್, ಮಾರಿಸನ್, ಮ್ಯಾಕ್ಲಿಯೋಡ್, ಕಬ್ಬನ್ ಇದ್ದ ಸಮಿತಿ ಕೂತದ್ದು ಅದಾದ ಮೇಲೆ; ವರದಿ ಬಂದದ್ದು 1833ರ ಡಿಸೆಂಬರಿನಲ್ಲಿ. ತೀರ್ಪು ಮೊದಲು, ವಿಚಾರಣೆ ಆಮೇಲೆ.

ವರದಿ ಓದಿದ ಬೆಂಟಿಂಕ್ 1834ರಲ್ಲಿ ಕಂಪನಿಯ ನಿರ್ದೇಶಕರಿಗೆ ಬರೆದದ್ದನ್ನು ನಮ್ಮ ಪಠ್ಯಪುಸ್ತಕಗಳು ಹೇಳಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಕಂಪನಿಗೆ ಬರಬೇಕಾದ ಹಣಕ್ಕೆ ತಕ್ಷಣದ ಅಪಾಯವೇನೂ ಇರಲಿಲ್ಲ. ಒಪ್ಪಂದ ಅಗತ್ಯವಿದ್ದಷ್ಟು ಭಾಗವನ್ನು ಮಾತ್ರ ತೆಗೆದುಕೊಳ್ಳಲು ಬಿಡುತ್ತಿತ್ತು, ತೆಗೆದುಕೊಂಡದ್ದು ಇಡೀ ರಾಜ್ಯವನ್ನು ಎಂದು ಅವನೇ ಒಪ್ಪಿಕೊಂಡ. ಉಂಗುರದವನ ಹಕ್ಕು ಸುಳ್ಳೆಂದು ಹೇಳುವವರು ಕಂಪನಿಯ ಈ ಹಕ್ಕು ಎಷ್ಟು ನಿಜವಾಗಿತ್ತೆಂದೂ ಹೇಳಬೇಕು. ರೈತನ ಮೇಲಿನ ಭಾರವಾದರೂ ಇಳಿಯಿತೇ? ಒಪ್ಪಂದದ ಆ 24.5 ಲಕ್ಷ ಬ್ರಿಟಿಷ್ ಕಮಿಷನರುಗಳ ಐವತ್ತು ವರ್ಷಗಳ ಆಡಳಿತದಲ್ಲೂ ಹಾಗೆಯೇ ಸಂದಾಯವಾಗುತ್ತಿತ್ತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ ಅದನ್ನು 35 ಲಕ್ಷಕ್ಕೆ ಏರಿಸುವ ಷರತ್ತೇ ಬಂತು.

ಬೆಂಟಿಂಕ್ ಪಶ್ಚಾತ್ತಾಪಪಟ್ಟ ಎಂಬುದನ್ನು ಅವನ ದೊಡ್ಡತನಕ್ಕೆ ಸಾಕ್ಷಿಯಾಗಿ ಹೇಳುವವರಿದ್ದಾರೆ. ಪಟ್ಟದ್ದು ನಿಜ. ಆದರೆ ಆ ಪಶ್ಚಾತ್ತಾಪದ ನಕ್ಷೆಯನ್ನು ಬಿಡಿಸಿ ನೋಡಬೇಕು. ಒಡೆಯರಿಗೆ ಹಿಂತಿರುಗಿಸೋಣ ಎಂದು ಅವನು ಸೂಚಿಸಿದ್ದು ಮೈಸೂರು, ಅಷ್ಟಗ್ರಾಮ, ಮಂಜರಾಬಾದುಗಳನ್ನು. ಉಳಿದದ್ದು ಕಂಪನಿಗೆ. ನಿರ್ದೇಶಕರು ಅದನ್ನೂ ಒಪ್ಪಲಿಲ್ಲ. ಒಪ್ಪಿದ್ದರೂ ಹೊನ್ನಾಳಿ, ಅದರ ಮಡಿಲಲ್ಲಿದ್ದ ನ್ಯಾಮತಿ, ಚನ್ನಗಿರಿ, ಚಿತ್ರದುರ್ಗದ ಕಡೆಯ ಜಗಳೂರು ಎಲ್ಲವೂ ಗೆರೆಯ ಆಚೆಗೇ ಉಳಿಯುತ್ತಿದ್ದವು. ಕೂಟ ಕಟ್ಟಿ ಎದ್ದು ನಿಂತ ಸೀಮೆಯನ್ನು ಕೇಳಿ ಆ ಗೆರೆ ಎಳೆದದ್ದಲ್ಲ. ಅದೇ 1834ರಲ್ಲಿ ಸರ್ಜಾ ಹನುಮಪ್ಪ ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು.