ದೀಪಧಾರಿಣಿಯ ಕಥೆಯಲ್ಲಿ ಚರಂಡಿಯೇ ಇಲ್ಲ

ನರ್ಸಿಂಗ್ ಕಾಲೇಜುಗಳ ಪ್ರತಿಜ್ಞಾವಿಧಿಯಲ್ಲಿ ದೀಪ ಹಚ್ಚಿಸಿ, ಫ್ಲಾರೆನ್ಸ್ ನೈಟಿಂಗೇಲ್ ಹೆಸರೆತ್ತಿ, ತ್ಯಾಗ, ಕರುಣೆ, ತಾಯಿಹೃದಯ ಎಂದು ಗಣ್ಯರು ಭಾಷಣ ಮುಗಿಸುತ್ತಾರೆ. ಯುದ್ಧಕಾಲದ ದಾದಿ ಎಂದರೆ ನಮಗೆ ಕತ್ತಲ ವಾರ್ಡು, ನರಳುವ ಸೈನಿಕ, ಕೈಯಲ್ಲೊಂದು ದೀಪ. ಈ ಚಿತ್ರ ಪೂರ್ತಿ ಸುಳ್ಳೇನಲ್ಲ. ಆದರೆ ತೋರಿಸುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು.

ಕ್ರಿಮಿಯಾ ಯುದ್ಧದ ವೇಳೆ, 1854ರ ನವೆಂಬರ್‌ನಲ್ಲಿ ನೈಟಿಂಗೇಲ್ 38 ದಾದಿಯರೊಂದಿಗೆ ಇಸ್ತಾಂಬುಲ್‌ನ ಎದುರು ದಡದ ಸ್ಕುಟಾರಿಯ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದಿಳಿದಾಗ ಅಲ್ಲಿನ ವೈದ್ಯರು ಮುಖ ಸಿಂಡರಿಸಿದರು. ಅದೇ ಯುದ್ಧದ ಇಂಕರ್‌ಮನ್ ಕಾಳಗದ ಗಾಯಾಳುಗಳು ಹಡಗುಗಟ್ಟಲೆ ಬಂದ ಮೇಲೆಯೇ ಈ ದಾದಿಯರಿಗೆ ವಾರ್ಡಿನೊಳಕ್ಕೆ ಕರೆ ಬಂದದ್ದು. ಆಕೆ ಬಾಡಿಗೆಗೊಂದು ಮನೆ ಹಿಡಿದು, ಹಂಡೆಗಳನ್ನಿಟ್ಟು, ಸೈನಿಕರ ಹೆಂಡಿರಿಂದ ಹೇನು ಮುತ್ತಿದ ಅಂಗಿ, ಹಾಸುಗಳನ್ನು ಒಗೆಸಿದಳು. ಸಾಮಾನಿಗಾಗಿ ಉಗ್ರಾಣದ ಅಧಿಕಾರಿಗಳೊಂದಿಗೆ ಕಾದಾಡಿದಳು. ಇದಕ್ಕೆ ಕರುಣೆಗಿಂತ ಜಗಳಗಂಟಿತನ ಬೇಕು!

ಆದರೂ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ ನೂರು ಜನರಲ್ಲಿ ಸುಮಾರು ನಲವತ್ತು ಮಂದಿ ಸತ್ತರು. ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ಭೇದಿ, ಕಾಲರಾ, ಜ್ವರ. ಆಸ್ಪತ್ರೆಯಾಗಿದ್ದ ಬ್ಯಾರಕ್ ಕಟ್ಟಡದ ಅಡಿಯಲ್ಲೇ ಚರಂಡಿ ಕಟ್ಟಿಕೊಂಡು ಕೊಳೆಯುತ್ತಿತ್ತು. ಮಾರ್ಚ್‌ನಲ್ಲಿ ಬ್ರಿಟನ್ನಿನಿಂದ ಬಂದ ನೈರ್ಮಲ್ಯ ಆಯೋಗ ಅದನ್ನು ಬಾಚಿಸಿತು, ಗಾಳಿಯಾಡುವಂತೆ ಮಾಡಿತು, ಗೋಡೆಗೆ ಸುಣ್ಣ ಹೊಡೆಸಿತು. ಬೇಸಿಗೆಯ ಹೊತ್ತಿಗೆ ಸಾವಿನ ಪ್ರಮಾಣ ಶೇ. 2ರ ಆಸುಪಾಸಿಗೆ ಇಳಿದಿತ್ತು. ಚಳಿ ಕಳೆದದ್ದೂ ನೆರವಾಗಿರಬಹುದು. ದೀಪದಿಂದಂತೂ ಅಲ್ಲ.

ಹಾಗಾದರೆ ಆಕೆಯದು ಪೊಳ್ಳು ಕೀರ್ತಿಯೇ? ಅಲ್ಲ. ಊರಿಗೆ ಮರಳಿ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು, ತಾನಿದ್ದ ಆಸ್ಪತ್ರೆಯನ್ನೂ ಬಿಡದೆ ಹೆಣಗಳ ಲೆಕ್ಕ ಹಾಕಿದಳಲ್ಲ, ಅಲ್ಲಿದೆ ಆಕೆಯ ದೊಡ್ಡತನ. 1858ರಲ್ಲಿ ಪ್ರಕಟಿಸಿದ ವೃತ್ತಾಕಾರದ ನಕ್ಷೆಯಲ್ಲಿ ಗಾಯದಿಂದಾದ ಸಾವಿಗೆ ಕೆಂಪು, ತಡೆಯಬಹುದಾಗಿದ್ದ ರೋಗಗಳ ಸಾವಿಗೆ ನೀಲಿ ಬಣ್ಣ. ನೀಲಿಯ ಪಕ್ಕದಲ್ಲಿ ಕೆಂಪು ಒಂದು ಚೂರು. ಸರ್ಕಾರದ ಕಣ್ಣಿಗೆ ಕುಕ್ಕಲೆಂದೇ ಬರೆದದ್ದು. ಭಾಷಣಕ್ಕೆ ಇದು ಒದಗುವುದಿಲ್ಲ, ಒಣ ಸಂಗತಿ.

ದಾದಿಯನ್ನು ದೇವತೆ ಮಾಡಿದರೆ ಆಗುವ ಅನುಕೂಲ ಆಡಳಿತಕ್ಕೆ. ದೇವತೆಗೆ ಚರಂಡಿಯ ಕುರಿತು ದೂರು ಇರಬಾರದು. ಸಂಬಳ, ಬಡ್ತಿ, ಸಂಸಾರವೂ ಇರಬಾರದು. ನಮ್ಮ ಸೇನೆಯಲ್ಲಿ 1977ರ ನಿಯಮವೊಂದರಂತೆ ಮಿಲಿಟರಿ ನರ್ಸಿಂಗ್ ಸರ್ವೀಸ್‌ನವರನ್ನು ಮದುವೆಯ ಕಾರಣಕ್ಕೆ ಕೆಲಸದಿಂದ ತೆಗೆಯಬಹುದಿತ್ತು. 1988ರಲ್ಲಿ ಹಾಗೆ ಹೊರಬಿದ್ದ ಲೆಫ್ಟಿನೆಂಟ್ ಒಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರಲ್ಲಿ.