ಎತ್ತುವುದು ಸುಲಭ, ನಿಲ್ಲಿಸುವುದೇ ಕಷ್ಟ

ಅಯಸ್ಕಾಂತಗಳ ಸಜಾತೀಯ ಧ್ರುವಗಳು ಒಂದನ್ನೊಂದು ದೂಡುತ್ತವೆ ಎಂದು ಶಾಲೆಯಲ್ಲೇ ಕಲಿತಿರುತ್ತೇವೆ. ಹಾಗಾದರೆ ಒಂದರ ಮೇಲೊಂದನ್ನು ಗಾಳಿಯಲ್ಲಿ ತೇಲಿಬಿಡಬಹುದಲ್ಲ? ಯತ್ನಿಸಿದಾಗಲೆಲ್ಲ ಮೇಲಿನದು ಪಕ್ಕಕ್ಕೆ ಜಾರಿ, ಮಗುಚಿಕೊಂಡು, ಕೆಳಗಿನದಕ್ಕೆ ಟಪ್ಪನೆ ಅಂಟಿಕೊಳ್ಳುತ್ತದೆ. ಬಲ ಸಾಲದೆ ಹೀಗಾಗುವುದಿಲ್ಲ. 1 ಟೆಸ್ಲಾದ ಕಾಂತಕ್ಷೇತ್ರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋ ಭಾರ ಹೊರಬಲ್ಲದು. ರೈಲಿನ ಬೋಗಿಯನ್ನು ಎತ್ತಲು ಅದು ಧಾರಾಳ. ಕೊರತೆಯಿರುವುದು ಸ್ಥಿರತೆಗೆ. ಇಂಗ್ಲೆಂಡಿನ ಪಾದ್ರಿ, ಗಣಿತಜ್ಞ ಸ್ಯಾಮ್ಯುಯೆಲ್ ಅರ್ನ್‌ಶಾ 1842ರಲ್ಲಿ ಪ್ರಕಟಿಸಿದ ಪ್ರಮೇಯದ ಸಾರ ಇಷ್ಟು: ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವ ಬಲಗಳನ್ನಷ್ಟೇ ನಂಬಿ ಯಾವ ವಸ್ತುವನ್ನೂ ಸ್ಥಿರವಾಗಿ ನಿಲ್ಲಿಸಲಾಗದು. ಮೇಲೆ ಕೆಳಗೆ ಅಲುಗದಂತೆ ಹಿಡಿದರೆ ಅದು ಪಕ್ಕಕ್ಕೆ ಜಾರುತ್ತದೆ, ಪಕ್ಕಕ್ಕೆ ಜಾರದಂತೆ ಹಿಡಿದರೆ ಮೇಲಕ್ಕೋ ಕೆಳಕ್ಕೋ ಹೊರಡುತ್ತದೆ. ಕುದುರೆಯ ಜೀನಿನ ನಡುವೆ ಇಟ್ಟ ಗೋಲಿಯ ಪಾಡು. ಇಂದು ತೇಲುತ್ತಿರುವ ಪ್ರತಿಯೊಂದು ಯಂತ್ರವೂ ಈ ಪ್ರಮೇಯದ ಯಾವುದೋ ಒಂದು ಷರತ್ತಿನಿಂದ ತಪ್ಪಿಸಿಕೊಂಡಿದೆ. ಯಾವ ದಾರಿ ಹಿಡಿದು ತಪ್ಪಿಸಿಕೊಂಡಿತೋ ಆ ದಾರಿಯಲ್ಲೇ ಅದರ ಮಿತಿಯೂ ಕಾದಿರುತ್ತದೆ ಎಂಬುದು ನನ್ನ ವಾದ.

ಜರ್ಮನಿಯಲ್ಲಿ ರೂಪುಗೊಂಡು ಶಾಂಘೈನಲ್ಲಿ ಓಡುತ್ತಿರುವ ಟ್ರಾನ್ಸ್‌ರಾಪಿಡ್ ರೈಲನ್ನು ನೋಡಿ. ಅದರ ಕೆಳಭಾಗ ಮಾರ್ಗವನ್ನು ಎರಡೂ ಬದಿಯಿಂದ ತಬ್ಬಿಕೊಂಡಿದೆ. ಅಲ್ಲಿರುವ ವಿದ್ಯುತ್ಕಾಂತಗಳು ಮೇಲಿನ ಉಕ್ಕಿನ ಸೆಳೆತದಿಂದ ರೈಲನ್ನು ಎತ್ತಿ ಹಿಡಿಯುತ್ತವೆ. ನಡುವಿನ ಸಂದು ಸುಮಾರು 10 ಮಿಲಿಮೀಟರ್. ಸಂದು ಕೊಂಚ ಕಿರಿದಾದರೆ ಸೆಳೆತ ಹೆಚ್ಚಿ ಕಾಂತ ಅಂಟಿಯೇಬಿಡುತ್ತದೆ, ಹಿಗ್ಗಿದರೆ ರೈಲು ಕುಸಿಯುತ್ತದೆ. ಆದ್ದರಿಂದ ಸೆನ್ಸರ್‌ಗಳು ಸೆಕೆಂಡಿಗೆ ಸಾವಿರಾರು ಬಾರಿ ಸಂದನ್ನು ಅಳೆದು ವಿದ್ಯುತ್ತನ್ನು ತಿದ್ದುತ್ತಿರಬೇಕು. ಅರ್ನ್‌ಶಾ ಹೇಳಿದ್ದು ಬದಲಾಗದ ಕ್ಷೇತ್ರದ ಮಾತು. ಇಲ್ಲಿ ಕ್ಷೇತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದರೆ ಕಬ್ಬಿಣದ ಕಾಂತಶಕ್ತಿ 2 ಟೆಸ್ಲಾದ ಆಸುಪಾಸಿನಲ್ಲಿ ಮಿತಿ ಮುಟ್ಟುವುದರಿಂದ ಸಂದನ್ನು ಹೆಚ್ಚು ಹಿಗ್ಗಿಸುವಂತಿಲ್ಲ, ಕಿರಿದಾದ ಸಂದಿಗೆ ಮಾರ್ಗದುದ್ದಕ್ಕೂ ಮಿಲಿಮೀಟರ್ ಲೆಕ್ಕದ ನಿಖರತೆ ಬೇಕು. ಜಪಾನಿನವರು ಸಂದನ್ನು 10 ಸೆಂಟಿಮೀಟರಿಗೆ ಏರಿಸಿದರು. ಅವರ ರೈಲಿನ ಅತಿವಾಹಕ (ವಿದ್ಯುತ್ತಿಗೆ ತಡೆಯೊಡ್ಡದ) ಕಾಂತಗಳು ಹಾದುಹೋಗುವಾಗ ಪಕ್ಕದ ಗೋಡೆಯ ಸುರುಳಿಗಳಲ್ಲಿ ವಿದ್ಯುತ್ ಹುಟ್ಟಿ, ಅದೇ ರೈಲನ್ನು ಎತ್ತಿ ನಡುವಿಗೆ ತಳ್ಳುತ್ತದೆ. ಚಲನೆಯಿಲ್ಲದೆ ಈ ಬಲವಿಲ್ಲವಾದ್ದರಿಂದ ಗಂಟೆಗೆ ಸುಮಾರು 150 ಕಿ.ಮೀ. ಮುಟ್ಟುವವರೆಗೆ ರಬ್ಬರ್ ಚಕ್ರಗಳೇ ಗತಿ. ಮೂಲ ವಿನ್ಯಾಸದ ಕಾಂತಗಳನ್ನು ಮೈನಸ್ 269 ಡಿಗ್ರಿಯಲ್ಲಿಡಲು ದ್ರವ ಹೀಲಿಯಂ ಕೂಡ ಬೇಕು.

ವಿದ್ಯುತ್ತಾಗಲಿ ಶೀತಲೀಕರಣವಾಗಲಿ ಇಲ್ಲದೆಯೂ ತೇಲುವ ವಸ್ತುಗಳಿವೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ನಾಲ್ಕು ಪುಟ್ಟ ನಿಯೋಡಿಮಿಯಂ ಕಾಂತಗಳನ್ನು ಉತ್ತರ, ದಕ್ಷಿಣ ಧ್ರುವಗಳು ಅದಲುಬದಲಾಗಿ ಬರುವಂತೆ ಜೋಡಿಸಿ, ಪೈರೋಲಿಟಿಕ್ ಗ್ರಾಫೈಟಿನ ತೆಳು ಬಿಲ್ಲೆಯನ್ನಿಟ್ಟರೆ ಅದು ಸುಮಾರು ಒಂದು ಮಿಲಿಮೀಟರ್ ಮೇಲೆ ತೇಲಿ ನಿಲ್ಲುತ್ತದೆ. ಮೆಲ್ಲಗೆ ಊದಿದರೆ ತೂಗಾಡಿ ಮತ್ತೆ ನಡುವಿಗೇ ಬರುತ್ತದೆ. ಗ್ರಾಫೈಟು ಕ್ಷೇತ್ರ ಕ್ಷೀಣವಾಗಿರುವ ಕಡೆಗೆ ಸರಿಯುವ ಜಾತಿಯದು, ಸುತ್ತಲೂ ಪ್ರಬಲ, ನಡುವೆ ಕ್ಷೀಣವಾದ ಕ್ಷೇತ್ರವನ್ನು ಕಟ್ಟಲು ಯಾವ ನಿಯಮದ ಅಡ್ಡಿಯೂ ಇಲ್ಲ. ಆದರೆ ಬಿಲ್ಲೆಯನ್ನು ದಪ್ಪ ಮಾಡಿದರೆ ತೂಕವಷ್ಟೇ ಹೆಚ್ಚುತ್ತದೆ, ಮೇಲಿನ ಪದರಗಳಿಗೆ ಎತ್ತುವ ಬಲ ಹೆಚ್ಚೇನೂ ತಲುಪುವುದಿಲ್ಲ. ನೆದರ್ಲೆಂಡ್ಸಿನ ನೈಮೇಖನ್‌ನಲ್ಲಿ 1997ರಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಇದೇ ಗುಣವುಳ್ಳ ಜೀವಂತ ಕಪ್ಪೆಯನ್ನು ತೇಲಿಸಲು 16 ಟೆಸ್ಲಾದ ಕ್ಷೇತ್ರವನ್ನೂ ಮೆಗಾವಾಟ್ ಲೆಕ್ಕದ ವಿದ್ಯುತ್ತನ್ನೂ ಬಳಸಬೇಕಾಯಿತು. ಪ್ರಮೇಯದಿಂದ ವಿನಾಯಿತಿ ಸಿಕ್ಕಿತು, ಹೊರೆ ಹೊರುವ ಶಕ್ತಿ ಸಿಗಲಿಲ್ಲ.

ಮನೆಯ ಉಷ್ಣತೆಯಲ್ಲೇ ಕೆಲಸ ಮಾಡುವ ಅತಿವಾಹಕ ಸಿಕ್ಕರೆ ಎಲ್ಲ ಬಗೆಹರಿಯುತ್ತದೆ ಎನ್ನುವವರೂ ಇದ್ದಾರೆ. ಹೀಲಿಯಮ್ಮಿನ ಖರ್ಚು ಉಳಿಯುತ್ತದೆ, ನಿಜ. ಆದರೆ 2015ರ ಏಪ್ರಿಲ್‌ನಲ್ಲಿ ಗಂಟೆಗೆ 603 ಕಿ.ಮೀ. ಓಡಿದ ಜಪಾನಿನ ರೈಲಿಗೆ ಎದುರಾದ ದೊಡ್ಡ ತಡೆ ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಎಂಟು ಪಟ್ಟು ವಿದ್ಯುಚ್ಛಕ್ತಿ ಬೇಕು. ನಿರ್ವಾತ ಕೊಳವೆಯಲ್ಲಿ ಓಡಿಸಿದರೆ ಆ ಖರ್ಚು ಕೊಳವೆ, ಪಂಪುಗಳ ಲೆಕ್ಕಕ್ಕೆ ಹೋಗುತ್ತದೆ. ಹಾಗೆಂದು ಮ್ಯಾಗ್ಲೆವ್, ಅಂದರೆ ಕಾಂತಬಲದಿಂದ ತೇಲುವ ರೈಲು, ವ್ಯರ್ಥವಲ್ಲ: ಚಕ್ರ, ಹಳಿಗಳ ಸವೆತವಿಲ್ಲ, ಸಾಮಾನ್ಯ ರೈಲು ಏರಲಾಗದ ಏರನ್ನು ಅದು ಏರುತ್ತದೆ. ದಟ್ಟ ಸಂಚಾರವಿರುವ ಮಹಾನಗರಗಳ ನಡುವೆ ಈ ಗುಣಗಳಿಗೆ ಬೆಲೆಯಿದೆ. ಹೊಸ ಯೋಜನೆಯೊಂದರ ಸುದ್ದಿ ಬಂದಾಗ ವೇಗದ ಅಂಕಿಗಿಂತ ಮೊದಲು ಅದನ್ನು ಸ್ಥಿರವಾಗಿ ಹಿಡಿದಿಡುವುದು ಯಾವುದು, ಪ್ರತಿ ಕಿಲೋಮೀಟರಿಗೆ ಅದರ ವೆಚ್ಚವೆಷ್ಟು ಎಂದು ಕೇಳಬೇಕು. ಅದಕ್ಕೆ ನೇರ ಉತ್ತರ ಕೊಡಬಲ್ಲ ಯೋಜನೆಯಷ್ಟೇ ನಮ್ಮ ನಂಬಿಕೆಗೆ ಅರ್ಹ.