ಅರವತ್ತರ ಗಡಿಯಲ್ಲಿ ಜಗಳ

ಅಮೆರಿಕದ ನಾಣ್ಯಪೇಟೆಯಲ್ಲಿ ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುತ್ತಾರೆ. ಈ ಅಂಕ ಹುಟ್ಟಿದ್ದು ಬೆಲೆ ಕಟ್ಟುವುದಕ್ಕೆ. ವಿಲಿಯಂ ಶೆಲ್ಡನ್ 1949ರಲ್ಲಿ ಹಳೆಯ ತಾಮ್ರದ ಸೆಂಟುಗಳ ಬಗ್ಗೆ ಬರೆದ ಪುಸ್ತಕದ ಪ್ರಕಾರ, ಗುರುತು ಹಿಡಿಯುವಷ್ಟು ಮಾತ್ರ ಉಳಿದ ಸವಕಲು ನಾಣ್ಯಕ್ಕೆ ಒಂದು ಮೂಲಬೆಲೆ, ಕುಂದೇ ಇಲ್ಲದ್ದಕ್ಕೆ ಅದರ ಎಪ್ಪತ್ತರಷ್ಟು. ಪೇಟೆಯ ದರಗಳು ಬೇಗನೆ ಈ ಲೆಕ್ಕ ಮೀರಿದವು, ಅಂಕಗಳು ಮಾತ್ರ ಉಳಿದವು. (ಇದೇ ಶೆಲ್ಡನ್ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಒಳ್ಳೆಯ ಸೆಂಟುಗಳನ್ನು ಲಪಟಾಯಿಸಿ, ಆ ಜಾಗದಲ್ಲಿ ತನ್ನ ಕೀಳು ದರ್ಜೆಯವನ್ನು ಇಟ್ಟಿದ್ದು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ ಸಾಬೀತಾಯಿತು. ದರ್ಜೆಯ ಬೆಲೆ ಅವನಷ್ಟು ಬಲ್ಲವರು ಕಡಿಮೆ.)

ಜಗಳವೆಲ್ಲ ಹೆಚ್ಚಾಗಿ 60ರ ಗಡಿಯಲ್ಲಿ. ಅದರ ಕೆಳಗಿನವು ಚಲಾವಣೆಯಲ್ಲಿ ಓಡಾಡಿದವು, 60 ಮತ್ತು ಮೇಲಿನವು ಓಡಾಡದವು. ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ 1884ರ ಮಾರ್ಗನ್ ಬೆಳ್ಳಿ ಡಾಲರು ಇದಕ್ಕೆ ತಕ್ಕ ನಿದರ್ಶನ. ಸವೆದದ್ದು ಅಗ್ಗಕ್ಕೆ ಸಿಗುತ್ತದೆ, 65 ಅಂಕದ್ದು ಲಕ್ಷ ಡಾಲರು ದಾಟುತ್ತದೆ. ಪರೀಕ್ಷಕ ಅದನ್ನು ದೀಪದಡಿ ಓರೆಯಾಗಿ ತಿರುಗಿಸಿದಾಗ ಹೊಳಪು ಚಕ್ರದಂತೆ ಸುತ್ತಬೇಕು. ಮುಂಬದಿಯ ಲಿಬರ್ಟಿ ದೇವಿಯ ಕಿವಿಯ ಮೇಲಿನ ಕೂದಲಲ್ಲೋ ಹಿಂಬದಿಯ ಹದ್ದಿನ ಎದೆಯ ಮೇಲೋ ಅದು ಕಡಿದು ಬೂದುಬಣ್ಣ ಕಂಡರೆ ಸವೆದಿದೆಯೆಂದು ಅರ್ಥ. ಆದರೆ ಅಚ್ಚು ಬಲವಾಗಿ ಬೀಳದಿದ್ದರೂ ಅದೇ ಜಾಗ ಚಪ್ಪಟೆಯಾಗಿರುತ್ತದೆ. ಸಂಗ್ರಾಹಕರ ಡ್ರಾಯರಿನಲ್ಲಿ ದಶಕಗಟ್ಟಲೆ ಜಾರಿದರೂ ಅಲ್ಲೇ ಸವೆಯುತ್ತದೆ. ಒಬ್ಬರಿಗೆ 58, ಇನ್ನೊಬ್ಬರಿಗೆ 61. ಗಾಯಗಳಿಲ್ಲದ 58 ಎಷ್ಟೋ ಸಲ ಚೀಲದಲ್ಲಿ ತಾಕಿ ಕೆರೆದುಹೋದ 60ಕ್ಕಿಂತ ಚೆಂದ. ದರಪಟ್ಟಿಗೆ ಅದು ಕಾಣುವುದಿಲ್ಲ.

ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ನಿನ ದರ್ಜೆ ನೀಡುವ ಸೇವೆ 1979ರಿಂದ ಎರಡೂ ಮುಖಗಳಿಗೆ ಬೇರೆಬೇರೆ ಅಂಕ ಕೊಡುತ್ತಿತ್ತು, ಸವೆತ ಮತ್ತು ಗೀರುಗಳನ್ನಷ್ಟೇ ಅಳೆಯುತ್ತಿತ್ತು. 1986ರಲ್ಲಿ ಕೆಲಸ ಶುರುಮಾಡಿದ ಪಿಸಿಜಿಎಸ್, ಮರುವರ್ಷ ಬಂದ ಎನ್‌ಜಿಸಿ ಎಂಬ ದರ್ಜೆ ನೀಡುವ ಸಂಸ್ಥೆಗಳು ಒಂದೇ ಅಂಕ ಕೊಟ್ಟು ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರಪಡಿಸಿದವು. ವರ್ತಕರು ಆ ನಾಣ್ಯಕ್ಕೆ ಕೊಡಲೊಪ್ಪುವ ಬೆಲೆಯೂ ಈ ಅಂಕದೊಳಗೆ ಸೇರಿಕೊಂಡಿತು. ಶೆಲ್ಡನ್ ಹೊರಟಲ್ಲಿಗೇ ಪೇಟೆ ಬಂದು ಮುಟ್ಟಿತ್ತು. ಒಂದು ಅಂಕ ಹೆಚ್ಚಿದರೆ ಸಾವಿರಾರು ಡಾಲರು ಸಿಗುವುದಾದರೆ ಡಬ್ಬಿ ಒಡೆದು ಮತ್ತೆ ಕಳಿಸುವವರು ಇದ್ದೇ ಇರುತ್ತಾರೆ. ಹಳೆಯ ಲೇಬಲ್ ಹಿಂದಿರುಗಿಸದಿದ್ದರೆ ಒಂದೇ ನಾಣ್ಯ ಸಂಸ್ಥೆಯ ಪಟ್ಟಿಯಲ್ಲಿ ಹಲವು ಸಲ ಎಣಿಕೆಯಾಗುತ್ತದೆ, ಅಪರೂಪದ ನಾಣ್ಯ ಸಾಮಾನ್ಯವೆಂಬಂತೆ ತೋರುತ್ತದೆ. ಈ ಅಂಕಗಳನ್ನು ಮರುಪರಿಶೀಲಿಸಿ, ಒಪ್ಪಿದವಕ್ಕೆ ಹಸಿರು ಚೀಟಿ ಅಂಟಿಸಲು 2007ರಲ್ಲಿ ಸಿಎಸಿ ಎಂಬ ಇನ್ನೊಂದು ಸಂಸ್ಥೆ ಬಂತು. ಅದೂ ಕೊನೆಗೆ ತನ್ನದೇ ಡಬ್ಬಿ ತಂದಿದೆ.

ಯಂತ್ರದ ನಾಣ್ಯಕ್ಕೆ ಮಾಡಿದ ಈ ಅಳತೆ ಕೈಯಿಂದ ಕುಟ್ಟಿದ ನಾಣ್ಯಕ್ಕೆ ಸರಿಹೊಂದುವುದು ಕಷ್ಟ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಟಂಕಿಸಿದ ತಾಮ್ರದ ಪೈಸೆಯಲ್ಲಿ ಆನೆಯ ಬಾಲವೋ ಸೊಂಡಿಲೋ ಬಿಲ್ಲೆಯಿಂದಾಚೆ ಹೋಗಿರುವುದು ಸಾಮಾನ್ಯ. ಅದು ಸವೆತವಲ್ಲ, ಅಚ್ಚು ಸರಿದದ್ದು. ಅಂಥ ಪೈಸೆಯನ್ನು ಕೊಳ್ಳುವವರು ನೋಡುವುದು ಆನೆ ಎಷ್ಟು ಇಡಿಯಾಗಿ ಬಿದ್ದಿದೆ, ಟಂಕಸಾಲೆಯ ಹೆಸರು ಓದಲು ಬರುತ್ತದೆಯೇ ಎಂದು. ಅಂಕದಲ್ಲಿ ಇದಕ್ಕೆ ಪ್ರತ್ಯೇಕ ಜಾಗವಿಲ್ಲ. ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಶರಾಫರು ಚೊಕ್ಕತನ ಪರೀಕ್ಷಿಸಿ ಒತ್ತಿದ ಗುರುತಿನದೂ ಇದೇ ತಕರಾರು. ಡಬ್ಬಿಯ ಲೆಕ್ಕದಲ್ಲಿ ಅದು ಗಾಯ, ಇತಿಹಾಸ ಬಲ್ಲ ಸಂಗ್ರಾಹಕನಿಗೆ ಆ ರೂಪಾಯಿ ಪೇಟೆಯಲ್ಲಿ ಓಡಾಡಿತ್ತೆಂಬುದಕ್ಕೆ ಸಾಕ್ಷಿ.